ಸಂಬಳದ ತಕ್ಕಡಿಯಲ್ಲಿ ಸಂಸಾರ

ತಾಲ್ಲೂಕು ಕಚೇರಿಯ ಮುಂದೆ ಆದಾಯ ಪ್ರಮಾಣಪತ್ರಕ್ಕೆ ಕ್ಯೂ ನಿಲ್ಲುವವರನ್ನು ನಾವೆಲ್ಲ ನೋಡಿದ್ದೇವೆ. ನಿಂತವರಲ್ಲಿ ನಾವೂ ಇದ್ದೇವೆ. ಹಾಸ್ಟೆಲ್ ಸೀಟಿಗೆ, ಸ್ಕಾಲರ್‌ಷಿಪ್ಪಿಗೆ ನಾವು ಬಡವರು ಅಂತ ಸಾಬೀತು ಮಾಡಬೇಕು. ಇಂಗ್ಲೆಂಡಿನಲ್ಲಿ ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಕ್ಯೂ ಇದೆ. ಅಲ್ಲಿ ನಿಂತವರು ತಾವು ಬಡವರಲ್ಲ ಅಂತ ಸಾಬೀತು ಮಾಡಬೇಕು. ಯಾತಕ್ಕೆ? ಹೊರದೇಶದಲ್ಲಿರುವ ಗಂಡನನ್ನೋ ಹೆಂಡತಿಯನ್ನೋ ತಮ್ಮ ಮನೆಗೆ ಕರೆಸಿಕೊಳ್ಳೋದಕ್ಕೆ.

ಹೀಗೆ ಕರೆಸಿಕೊಳ್ಳುವವರನ್ನು ಅಲ್ಲಿ ‘ಸ್ಪಾನ್ಸರ್’ ಅಂತಾರೆ. ನಮ್ಮ ಮಾತಿನಲ್ಲಿ ಹೊಣೆಗಾರ. ಈ ಹೊಣೆಗಾರನಿಗೆ ಸಂಪಾದನೆ ಇಲ್ಲದೆ ಹೋದರೆ ಏನು ಗತಿ? ಈ ಪ್ರಶ್ನೆಯ ಹಿಂದೆ ಮುನ್ನೂರೈವತ್ತು ವರ್ಷಗಳ ಚರಿತ್ರೆಯಿದೆ. ಅದನ್ನು ತಿಳಿಯದೆ ಇವತ್ತಿನ ಕಾನೂನು ಅರ್ಥವಾಗೋದಿಲ್ಲ.

1662ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಒಂದು ಕಾಯಿದೆ ಮಾಡಿತು. ಆ ಕಾಲದಲ್ಲಿ ಬಡವರಿಗೆ ಅನ್ನ ಹಾಕುವ ಹೊಣೆ ಆಯಾ ಊರಿನ ಚರ್ಚಿನ ಸರಹದ್ದಿನದು, ಅಂದರೆ ಪ್ಯಾರಿಷ್‌ನದು. ಬೇರೆ ಪ್ಯಾರಿಷ್‌ನಿಂದ ಬಂದವನು ವರ್ಷಕ್ಕೆ 10 ಪೌಂಡಿಗಿಂತ ಕಡಿಮೆ ಬೆಲೆಯ ಮನೆಯಲ್ಲಿ ಬಿಡಾರ ಹೂಡಿದರೆ, ಮುಂದೆ ಇವನು ಊರಿಗೆ ಹೊರೆಯಾದಾನು ಅನ್ನುವ ಅನುಮಾನವೇ ಸಾಕಾಗಿತ್ತು. 40 ದಿನದೊಳಗೆ ದೂರು ಕೊಟ್ಟು ಅವನನ್ನು ಬಂದ ದಾರಿಗೇ ಅಟ್ಟಬಹುದಿತ್ತು. ಅವನು ಕೈಚಾಚಿ ಬೇಡಿರಬೇಕು ಅಂತೇನಿಲ್ಲ. ಬೇಡಬಹುದು ಅನ್ನೋ ಶಂಕೆಯೇ ಅಪರಾಧ. ಮದುವೆಯಾದ ಹೆಣ್ಣಿಗೋ ತನ್ನದು ಅನ್ನುವ ಊರೇ ಉಳಿಯುತ್ತಿರಲಿಲ್ಲ. ಗಂಡನ ಪ್ಯಾರಿಷ್ ಯಾವುದೋ ಅದೇ ಅವಳ ಪ್ಯಾರಿಷ್.

ಈ ಶಂಕೆ ಹಡಗು ಹತ್ತಿ ಸಮುದ್ರ ದಾಟಿತು. 1882ರಲ್ಲಿ ಅಮೆರಿಕ ತನ್ನ ವಲಸೆ ಕಾಯಿದೆಯಲ್ಲಿ ‘ಸಾರ್ವಜನಿಕರಿಗೆ ಹೊರೆ’ಯಾಗುವವರನ್ನು ಬಂದರಿನಿಂದಲೇ ವಾಪಸು ಕಳಿಸಬಹುದು ಅಂತ ಬರೆದುಕೊಂಡಿತು. ಚೀನಾದ ಕೂಲಿಕಾರರಿಗೆ ಬಾಗಿಲು ಮುಚ್ಚಿದ್ದೂ ಅದೇ ವರ್ಷ. 1905ರಲ್ಲಿ ಬ್ರಿಟನ್ ಪರದೇಶಿಗಳ ಕಾಯಿದೆ ತಂದಿತು. ತನ್ನನ್ನೂ ತನ್ನ ಅವಲಂಬಿತರನ್ನೂ ಮರ್ಯಾದೆಯಾಗಿ ಸಾಕುವ ದಾರಿ ತೋರಿಸದವನನ್ನು ತಡೆಯಬಹುದು ಅಂದಿತು. ಆದರೆ ತಪಾಸಣೆ ಯಾರಿಗೆ? ಹಡಗಿನಲ್ಲಿ ಅತಿ ಅಗ್ಗದ ಟಿಕೇಟಿನಲ್ಲಿ ಬಂದವರಿಗೆ. ಕ್ಯಾಬಿನ್ನಿನಲ್ಲಿ ಮಲಗಿ ಬಂದವರಿಗೆ ಆ ಕಾಟವಿರಲಿಲ್ಲ. ಪೂರ್ವ ಯೂರೋಪಿನಿಂದ ಓಡಿಬರುತ್ತಿದ್ದ ಬಡ ಯಹೂದಿಗಳನ್ನು ಗುರಿಯಿಟ್ಟೇ ಆ ಕಾಯಿದೆ ಹುಟ್ಟಿತ್ತು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿಗೆ ಕೈಗಳು ಬೇಕಾದವು. ಪಂಜಾಬಿನಿಂದ, ಪಾಕಿಸ್ತಾನದಿಂದ, ಕೆರಿಬಿಯನ್ ದ್ವೀಪಗಳಿಂದ ಜನ ಹೋದರು. ಕಬ್ಬಿಣದ ಎರಕದ ಕಾರ್ಖಾನೆ, ಬಟ್ಟೆ ಗಿರಣಿ, ಬಸ್ಸುಗಳಲ್ಲಿ ದುಡಿದರು. ಕೈ ಬಂದರೆ ಸಾಕಿತ್ತು, ಅದರ ಹಿಂದೆ ಸಂಸಾರವೂ ಬಂತಲ್ಲ, ಅದು ದೊರೆಗಳಿಗೆ ನುಂಗಲಾರದ ತುತ್ತಾಯಿತು. 1962ರಿಂದ ಒಂದೊಂದೇ ಗೇಟು ಎದ್ದಿತು. 1969ರಲ್ಲಿ, ಬ್ರಿಟನ್ನಿನಲ್ಲಿ ನೆಲೆಸಿದ್ದ ಹೆಂಗಸರು ಕಾಮನ್‌ವೆಲ್ತ್ ದೇಶಗಳಿಂದ ತಮ್ಮ ಗಂಡಂದಿರನ್ನು ಕರೆಸಿಕೊಳ್ಳುವುದಕ್ಕೆ ತಡೆ ಬಿತ್ತು. ಗಂಡಸು ಹೆಂಡತಿಯನ್ನು ಕರೆಸಬಹುದು, ಹೆಂಗಸು ಗಂಡನನ್ನು ಕರೆಸಬಾರದು! 1974ರಲ್ಲಿ ಆ ತಡೆ ಸಡಿಲವಾಯಿತು, ಆಮೇಲೆ ಮತ್ತೆ ಬಿಗಿಯಾಯಿತು.

1979ರ ಜನವರಿಯಲ್ಲಿ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ 35 ವರ್ಷದ ಭಾರತೀಯ ಶಿಕ್ಷಕಿಯೊಬ್ಬರನ್ನು ಕನ್ಯತ್ವ ಪರೀಕ್ಷೆಗೆ ಒಳಪಡಿಸಿದರು. ಆಕೆ ಮದುವೆಯಾಗಲು ಬಂದವರು. ಈಗಾಗಲೇ ಮದುವೆಯಾದವಳಲ್ಲ ಅಂತ ಅಧಿಕಾರಿಗಳಿಗೆ ‘ಖಾತ್ರಿ’ ಬೇಕಿತ್ತಂತೆ. ಸುದ್ದಿ ಪತ್ರಿಕೆಯಲ್ಲಿ ಬಂದು ಬೀದಿಗೆ ಜನ ಇಳಿದ ಮೇಲೆ ಅದು ನಿಂತಿತು. 1980ರಲ್ಲಿ ಬೇರೊಂದು ರೂಪದಲ್ಲಿ ಅದೇ ಅನುಮಾನ ಬಂತು. 1983ರಿಂದ, ಬರುವ ಗಂಡ ‘ನನ್ನ ಮದುವೆಯ ಮುಖ್ಯ ಉದ್ದೇಶ ಬ್ರಿಟನ್ ಸೇರುವುದಲ್ಲ’ ಅಂತ ತಾನೇ ಸಾಬೀತು ಮಾಡಬೇಕಾಯಿತು. ಇಲ್ಲ ಅನ್ನೋದನ್ನ ಹೇಗೆ ಸಾಬೀತು ಮಾಡೋದು? ಎದೆ ಬಗೆದು ತೋರಿಸೋಕೆ ಎಲ್ಲರೂ ಹನುಮಂತರೇ?

ಮೂವರು ಹೆಂಗಸರು ಸ್ಟ್ರಾಸ್‌ಬರ್ಗಿನ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 1985ರ ಮೇ ತಿಂಗಳಲ್ಲಿ ಗೆದ್ದರು. ಹೆಣ್ಣು-ಗಂಡಿನ ನಡುವೆ ಭೇದ ಮಾಡಿದ್ದು ತಪ್ಪು ಅಂತ ತೀರ್ಪು ಬಂತು. ಸರ್ಕಾರ ಏನು ಮಾಡಿತು ಗೊತ್ತೆ? ಹೆಂಗಸರಿಗೆ ಗಂಡಸರ ಹಕ್ಕು ಕೊಡಲಿಲ್ಲ. ಗಂಡಸರ ಹಕ್ಕನ್ನೂ ಕಿತ್ತುಕೊಂಡು ‘ಈಗ ಎಲ್ಲರೂ ಸಮ’ ಅಂದಿತು. ಬರುವ ಹೆಂಡತಿಯರಿಗೂ ಅದೇ ಪರೀಕ್ಷೆ ಹಚ್ಚಿತು. ಅದು ರದ್ದಾಗಲು 1997ರ ಜೂನ್‌ವರೆಗೆ ಕಾಯಬೇಕಾಯಿತು.

ಆಮೇಲೆ ಉಳಿದದ್ದು ದುಡ್ಡಿನ ಗೇಟು. ಮೊದಮೊದಲು ಅದು ಇಷ್ಟು ಎತ್ತರವಿರಲಿಲ್ಲ. ಸರ್ಕಾರಿ ನೆರವು ಬೇಡದೆ ಬದುಕಲು ‘ಸಾಕಾಗುವಷ್ಟು’ ಇದ್ದರೆ ಆಯಿತು. 2009ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ಇನ್ನೊಂದು ಮಾತು ಹೇಳಿತು: ಅಣ್ಣತಮ್ಮಂದಿರು, ನೆಂಟರಿಷ್ಟರು ಕೊಡುವ ನೆರವನ್ನೂ ಲೆಕ್ಕಕ್ಕೆ ಹಿಡಿಯಬಹುದು. ನಮ್ಮ ಹಳ್ಳಿಗಳಲ್ಲಿ ಮದುವೆಗೆ ಮುಯ್ಯಿ ಮಾಡಿ ಗೊತ್ತಿರುವ ಯಾರಿಗಾದರೂ ಈ ನ್ಯಾಯ ಸುಲಭವಾಗಿ ಅರ್ಥವಾಗುತ್ತದೆ. ಬಡವರ ಸಂಸಾರ ನಿಂತಿರೋದೇ ಹತ್ತು ಕೈಗಳ ಮೇಲೆ.

2012ರ ಜುಲೈ 9ರಂದು ಆ ಹತ್ತು ಕೈಗಳನ್ನು ಕತ್ತರಿಸಿದರು. ಹೊಣೆಗಾರನಿಗೆ ವರ್ಷಕ್ಕೆ 18,600 ಪೌಂಡು ಆದಾಯ ಇರಲೇಬೇಕು, ಹೊರದೇಶದ ಒಂದು ಮಗುವೂ ಜೊತೆಗಿದ್ದರೆ 22,400. ನೆಂಟರ ನೆರವು ಲೆಕ್ಕಕ್ಕಿಲ್ಲ. ಬರುವ ಗಂಡ ಬಂದು ದುಡಿಯಬಲ್ಲ ಅನ್ನೋದೂ ಲೆಕ್ಕಕ್ಕಿಲ್ಲ. ಆಗಿನ ಕನಿಷ್ಠ ಕೂಲಿಯಲ್ಲಿ ವಾರಕ್ಕೆ 40 ಗಂಟೆಯಂತೆ ವರ್ಷವಿಡೀ ಬೆನ್ನು ಮುರಿದು ದುಡಿದರೂ ಕೈಗೆ ಬರುತ್ತಿದ್ದದ್ದು ಸುಮಾರು 12,600 ಪೌಂಡು. ಅಂದರೆ ಕಸ ಗುಡಿಸುವವರು, ಅಂಗಡಿಯಲ್ಲಿ ನಿಲ್ಲುವವರು ಪರದೇಶದವರನ್ನು ಪ್ರೀತಿಸಕೂಡದು ಅಂತ ಆಯಿತು.

‘ಹೊರೆಯಾಗಬಾರದು ಅಷ್ಟೇ’ ಅಂತ ಸರ್ಕಾರ ಸಬೂಬು ಹೇಳಿತು. ಆದರೆ ಹೀಗೆ ಬಂದ ಸಂಗಾತಿಗೆ ಕಡೇಪಕ್ಷ ಐದು ವರ್ಷ ಸರ್ಕಾರಿ ನೆರವು ಮುಟ್ಟುವ ಹಕ್ಕೇ ಇಲ್ಲ. ಹೊರೆಯ ಬಾಗಿಲು ಮೊದಲೇ ಮುಚ್ಚಿತ್ತು. ಮತ್ತೆ ಈ ಬೀಗ ಯಾರಿಗೆ?

ಉತ್ತರ ಅದೇ ನಿಯಮದ ಇನ್ನೊಂದು ಸಾಲಿನಲ್ಲಿದೆ. ಆದಾಯ ಒಂದು ಕಾಸೂ ಇಲ್ಲದವನು ಬ್ಯಾಂಕಿನಲ್ಲಿ 62,500 ಪೌಂಡು ಆರು ತಿಂಗಳು ಇಟ್ಟಿದ್ದರೆ ಸಾಕು, ಗೇಟು ತೆರೆಯುತ್ತಿತ್ತು. ಗೆಳೆಯರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಸಂಪಾದನೆ ಇಲ್ಲದವರಲ್ಲಿ ಎರಡು ಜಾತಿ. ಒಬ್ಬ ದುಡಿಯದೆಯೂ ತಿನ್ನಬಲ್ಲವನು. ಇನ್ನೊಬ್ಬಳು ಹಗಲೂ ರಾತ್ರಿ ದುಡಿದೂ ಸಂಬಳ ಕಾಣದವಳು: ಕೈಗೂಸು ಸಾಕುವ ತಾಯಿ, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವ ಸೊಸೆ. ಕಾನೂನು ಮೊದಲನೆಯವನಿಗೆ ಸಲಾಮು ಹೊಡೆಯಿತು. ಇದು ದುಡಿಮೆಯ ಪರೀಕ್ಷೆ ಅಲ್ಲ, ಆಸ್ತಿಯ ಪರೀಕ್ಷೆ.

ಜನ ಸುಮ್ಮನಿರಲಿಲ್ಲ. 2013ರಲ್ಲಿ ಹೈಕೋರ್ಟು ಈ ನಿಯಮ ವಿಪರೀತವಾಯಿತು ಅಂದಿತು. ಮರುವರ್ಷ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿತು. 2015ರಲ್ಲಿ ಇಂಗ್ಲೆಂಡಿನ ಮಕ್ಕಳ ಆಯುಕ್ತರ ವರದಿಯೊಂದು, ಸುಮಾರು 15,000 ಮಕ್ಕಳು ಅಪ್ಪನನ್ನೋ ಅಮ್ಮನನ್ನೋ ಕಂಪ್ಯೂಟರಿನ ಪರದೆಯಲ್ಲಿ ನೋಡಿ ಬೆಳೆಯುತ್ತಿದ್ದಾರೆ ಅಂತ ಲೆಕ್ಕ ಕೊಟ್ಟಿತು. 2017ರ ಫೆಬ್ರವರಿ 22ರಂದು ಸುಪ್ರೀಂ ಕೋರ್ಟು ಸಾವಿರಾರು ದಂಪತಿಗಳಿಗೆ ಕಷ್ಟವಾಗಿದೆ ಅಂತ ಒಪ್ಪಿತು, ಆದರೂ ಆದಾಯದ ಮಿತಿಯನ್ನು ಎತ್ತಿಹಿಡಿಯಿತು. ಮಕ್ಕಳ ಹಿತವನ್ನೂ ಬೇರೆ ಕಡೆಯಿಂದ ಬರುವ ಹಣವನ್ನೂ ನೋಡದೆ ಇರೋದು ತಪ್ಪು ಅಂದಿತು. ಅದರಿಂದ ಆ ವರ್ಷದ ಆಗಸ್ಟಿನಲ್ಲಿ ಒಂದು ಕಿಂಡಿ ತೆರೆಯಿತು: ತೀರಾ ಅಸಾಧಾರಣ ಪರಿಸ್ಥಿತಿಯಲ್ಲಿ ನೆಂಟರ ನೆರವನ್ನೂ ಬರುವವರ ಸಂಪಾದನೆಯನ್ನೂ ಪರಿಶೀಲಿಸಬಹುದು. ಅಂಗವೈಕಲ್ಯದ ಭತ್ಯೆಯನ್ನೋ, ರೋಗಿಗಳ ಆರೈಕೆ ಮಾಡುವವರ ಭತ್ಯೆಯನ್ನೋ ಪಡೆಯುವ ಹೊಣೆಗಾರರಿಗೆ ಮೊದಲಿನಿಂದಲೂ ಈ ಮಿತಿ ಇಲ್ಲ. ಅವರಿಗೆ ‘ಸಾಕಾಗುವಷ್ಟು’ ಅನ್ನುವ ಹಳೆಯ ಅಳತೆಯೇ. ಕಷ್ಟದಲ್ಲಿರುವವರು ತಿಳಿದಿರಬೇಕಾದ ಮಾತುಗಳು ಇವು.

ಕಿಂಡಿ ತೆರೆದವರೇ ಗೋಡೆ ಎತ್ತರಿಸಿದರು. 2024ರ ಏಪ್ರಿಲ್ 11ರಿಂದ ಮಿತಿ 29,000 ಪೌಂಡಿಗೆ ಏರಿತು. ಬರೀ ಉಳಿತಾಯದ ಮೇಲೆ ದಾಟಬೇಕಾದರೆ 88,500. ಅದನ್ನು 38,700ರವರೆಗೆ ಒಯ್ಯುವ ಯೋಜನೆಯಿತ್ತು. ಆ ವರ್ಷ ಜುಲೈನಲ್ಲಿ ಬಂದ ಹೊಸ ಸರ್ಕಾರ ಮುಂದಿನ ಏರಿಕೆಯನ್ನು ತಡೆಹಿಡಿದು ಮರುಪರಿಶೀಲನೆಗೆ ಕಳಿಸಿತು.

ಬೇರೆ ದಾರಿ ಇಲ್ಲವೆ? ಇದೆ. ಕೆನಡಾದಲ್ಲಿ ಗಂಡ ಅಥವಾ ಹೆಂಡತಿಯನ್ನು ಕರೆಸಲು ಸಾಮಾನ್ಯವಾಗಿ ಆದಾಯದ ಕನಿಷ್ಠ ಮಿತಿಯೇ ಇಲ್ಲ. ಮೂರು ವರ್ಷ ನೋಡಿಕೊಳ್ಳುತ್ತೇನೆ ಅನ್ನುವ ಕರಾರು ಬೇಕು. ಅಂಗವೈಕಲ್ಯದ ಕಾರಣಕ್ಕಲ್ಲದೆ ಸರ್ಕಾರಿ ನೆರವಿನಲ್ಲಿ ಬದುಕುತ್ತಿರಬಾರದು. ಅಮೆರಿಕ 1996ರ ಕಾಯಿದೆಯಲ್ಲಿ ಬಡತನದ ರೇಖೆಯ 125 ಶೇಕಡಾ ಆದಾಯ ಕೇಳಿತು. ಆದರೆ ಹೊಣೆಗಾರನಿಗೆ ಅಷ್ಟಿಲ್ಲದಿದ್ದರೆ ಇನ್ನೊಬ್ಬರು ಜಂಟಿಯಾಗಿ ಹೊಣೆ ಹೊರಬಹುದು. ಆ ಸಹಿ ಮಾತ್ರ ಸಾಮಾನ್ಯದ್ದಲ್ಲ. ಸಂಸಾರ ಮುರಿದು ವಿಚ್ಛೇದನವಾದರೂ ಹೊಣೆ ಕಳಚೋದಿಲ್ಲ. ಜಾಮೀನು ನಿಂತು ಹೊಲ ಕಳಕೊಂಡವರನ್ನು ಬಲ್ಲ ನಾವು ಸಹಿ ಹಾಕುವ ಮುಂಚೆ ಓದಬೇಕು.

ನಮ್ಮ ಕರಾವಳಿಗೂ ಇದು ಹೊಸ ಕತೆಯಲ್ಲ. ಮಂಗಳೂರು, ಉಡುಪಿ, ಭಟ್ಕಳದಿಂದ ಕೊಲ್ಲಿ ದೇಶಗಳಿಗೆ ಹೋದವರಲ್ಲಿ ಸಂಸಾರ ಒಯ್ದವರು ಸಂಬಳ ಇದ್ದವರು ಮಾತ್ರ. ಅರಬ್ ಎಮಿರೇಟ್ಸಿನ 2019ರ ನಿಯಮದಂತೆ ತಿಂಗಳಿಗೆ 4,000 ದಿರ್ಹಮ್, ಇಲ್ಲವೆ 3,000 ದಿರ್ಹಮ್ ಜೊತೆಗೆ ವಸತಿ ಬೇಕು. ಅದಕ್ಕಿಂತ ಕಡಿಮೆಯವರು ಎರಡು ವರ್ಷಕ್ಕೊಮ್ಮೆ ಊರಿಗೆ ಬಂದು, ಗುರುತು ಹಿಡಿಯದ ಮಗುವಿಗೆ ‘ನಾನೇ ನಿನ್ನಪ್ಪ ಕಣೋ’ ಅಂತ ಹೇಳಿಕೊಳ್ಳಬೇಕು.

ಕಡೆಗೊಂದು ಮಾತು. ಬ್ರಿಟನ್ನಿನ ವೃದ್ಧರ ಆರೈಕೆಗೆ ಭಾರತದಿಂದ ಸಾವಿರಾರು ಮಂದಿ ಹೋಗಿದ್ದಾರೆ. 2024ರ ಮಾರ್ಚ್ 11ರಿಂದ, ಈ ಕೆಲಸಕ್ಕೆ ಹೊಸದಾಗಿ ಹೋಗುವವರು ಗಂಡ, ಹೆಂಡತಿ, ಮಕ್ಕಳನ್ನು ಕರೆದೊಯ್ಯುವಂತಿಲ್ಲ ಅಂತ ಸರ್ಕಾರ ಹೇಳಿತು. ಸಂಬಳ ಎಷ್ಟು ಅಂತ ಕೂಡ ಕೇಳಲಿಲ್ಲ. ಅವರ ಅಪ್ಪ ಅಮ್ಮಂದಿರ ಮೈ ತೊಳೆಯಲು ನಮ್ಮ ಕೈ ಬೇಕು, ನಮ್ಮ ಮಕ್ಕಳು ಬೇಡ. 1662ರಿಂದ ಇವತ್ತಿನವರೆಗೂ ‘ಹೊರೆ’ ಅನ್ನುವ ಮಾತನ್ನು ಹೇಳುತ್ತಾ ಬಂದವರು ಹೊರೆ ಹೊರಿಸುವವರೇ ಹೊರತು ಹೊತ್ತವರಲ್ಲ. ಹೊತ್ತವರ ಲೆಕ್ಕ ಇನ್ನೂ ಬರೆದಾಗಿಲ್ಲ. ಅದನ್ನು ನಾವು ಬರೆಯಬೇಕು, ತರಗತಿಯಲ್ಲಿ ಓದಿಸಬೇಕು. ಗಂಡ-ಹೆಂಡಿರು ಒಂದೇ ಮಾಡಿನ ಕೆಳಗೆ ಇರೋದು ದುಡ್ಡಿದ್ದವರು ಕೊಳ್ಳುವ ಸಾಮಾನಲ್ಲ, ಎಲ್ಲರ ಹಕ್ಕು ಅಂತ ಗಟ್ಟಿಯಾಗಿ ಹೇಳಬೇಕು.