ಟೂಟಿಂಗ್: ಬೀದಿ ಬದುಕು ಮತ್ತು ಮನರಂಜನೆ (1918–1939)

ಟೂಟಿಂಗ್ ದಕ್ಷಿಣ ಲಂಡನ್ನಿನ ಉಪನಗರ. 1903ರಲ್ಲಿ ವಿದ್ಯುತ್ ಟ್ರಾಮ್, 1926ರಲ್ಲಿ ಸುರಂಗ ರೈಲು ಬಂದ ಮೇಲೆ ಗುಮಾಸ್ತರು, ಕಾರ್ಮಿಕರು ನಗರಕ್ಕೆ ದಿನವೂ ಹೋಗಿಬರುವುದು ಸುಲಭವಾಯಿತು. ಕೊಳ್ಳುವ ಹಲವು ಸಾಮಾನು ಮನೆಬಾಗಿಲಿಗೇ ಬರುತ್ತಿದ್ದ ಕಾಲವದು: ಕುದುರೆಗಾಡಿಯಲ್ಲಿ ಹಾಲು, ಕಲ್ಲಿದ್ದಲು, ಬೇಸಿಗೆಯಲ್ಲಿ ವಾಲ್ಸ್ ಕಂಪನಿಯ ಮೂರು ಚಕ್ರದ ಸೈಕಲ್ಲಿನಲ್ಲಿ ಐಸ್‌ಕ್ರೀಂ. ಮೋಟಾರು ವಿರಳವಾಗಿದ್ದ ಅಡ್ಡಬೀದಿಗಳೇ ಮಕ್ಕಳಿಗೆ ಆಟದ ಬಯಲು.

ಇಲ್ಲಿನ ನಿಜವಾದ ಬೆರಗೆಂದರೆ 1931ರ ಸೆಪ್ಟೆಂಬರಿನಲ್ಲಿ ತೆರೆದ ಗ್ರನಾಡಾ ಚಿತ್ರಮಂದಿರ. ಮಾಲೀಕ ಸಿಡ್ನಿ ಬರ್ನ್‌ಸ್ಟೀನ್; ವಾಸ್ತುಶಿಲ್ಪಿ ಸೆಸಿಲ್ ಮೇಸಿ. ರಷ್ಯಾದಿಂದ ಬಂದ ರಂಗನಿರ್ದೇಶಕ ಥಿಯೊಡೋರ್ ಕೊಮಿಸಾರ್ಜೆವ್‌ಸ್ಕಿ ಒಳಾಂಗಣವನ್ನು ಗಾಥಿಕ್ ಚರ್ಚಿನಂತೆ ರೂಪಿಸಿದ: ಕಮಾನುಗಳು, ಭಿತ್ತಿಚಿತ್ರಗಳು, ಕನ್ನಡಿಗಳ ಮೊಗಸಾಲೆ. ಆಸನಗಳು 3,000ಕ್ಕೂ ಹೆಚ್ಚು. ಅತಿಯಾಯಿತೆನ್ನಬಹುದು; ಆದರೆ ಅಗ್ಗದ ಟಿಕೆಟ್ಟಿಗೆ ಅರಮನೆಯ ವೈಭವ ಒದಗಿಸುವುದೇ ಅದರ ವ್ಯಾಪಾರತಂತ್ರ. ಚಿತ್ರಗಳ ನಡುವೆ ವುರ್ಲಿಟ್ಜರ್ ಆರ್ಗನ್ ವಾದನ, ರಂಗಪ್ರದರ್ಶನಗಳೂ ಇರುತ್ತಿದ್ದವು.

ಈಜುವವರಿಗೆ ಹತ್ತಿರದ ಟೂಟಿಂಗ್ ಬೆಕ್ ಬಯಲಿನಲ್ಲಿ 1906ರಲ್ಲಿ ಆರಂಭವಾದ ಬಯಲು ಈಜುಕೊಳವೂ ಇತ್ತು.

ಗ್ರನಾಡಾದಲ್ಲಿ ಚಿತ್ರಪ್ರದರ್ಶನ 1973ರಲ್ಲಿ ನಿಂತಿತು. 1976ರಲ್ಲಿ ಅದು ಬಿಂಗೊ ಆಟದ ಸಭಾಂಗಣವಾಯಿತು. 2000ದಲ್ಲಿ ಮೊದಲ ದರ್ಜೆಯ ಸಂರಕ್ಷಿತ ಕಟ್ಟಡವಾಯಿತು.