ಶಿರಸಂಗಿಯ ವಾಡೆ ಮತ್ತು ದತ್ತಕದ ಪ್ರಶ್ನೆ

ಕನ್ನಡ ನಾಡಿನ ಇತಿಹಾಸಕಾರರ ದೃಷ್ಟಿ ಮೊದಲು ಹರಿಯುವುದು ಕೋಟೆ-ಕೊತ್ತಲಗಳ ಕಡೆಗೆ. ಮುದಗಲ್, ರಾಯಚೂರು ಕೋಟೆಗಳನ್ನು ಕುರಿತು ಬರೆದಷ್ಟು ಆಸ್ಥೆಯಿಂದ ದೇಸಗತಿಯ ವಾಡೆಗಳನ್ನು ಕುರಿತು ಬರೆದವರು ವಿರಳ. ಸೈನ್ಯ ನಿಂತುದು ಕೋಟೆಯಲ್ಲಿ, ನಿಜ. ಆದರೆ ಅದನ್ನು ಸಾಕುವ ಕಂದಾಯದ ಲೆಕ್ಕ ನಡೆದುದು ವಾಡೆಯ ಪಡಸಾಲೆಯಲ್ಲಿ.

ವಾಡೆಯೆಂದರೆ ಬರಿಯ ವಾಸದ ಮನೆಯಲ್ಲ. ಎತ್ತರವಾದ ಗೋಡೆ, ಹೆಬ್ಬಾಗಿಲು, ಕಾಳು ತುಂಬುವ ಹಗೇವು, ದನಕರುಗಳ ಗೋದಲಿ, ನ್ಯಾಯ ಹೇಳುವ ಕಟ್ಟೆ ಎಲ್ಲವೂ ಕೂಡಿ ಅದೊಂದು ಸಣ್ಣ ರಾಜ್ಯವೇ ಆಗಿತ್ತು. ಮನೆತನದ ಬಳ್ಳಿ ಕಡಿದರೆ ವತನಕ್ಕೇ ಕುತ್ತು. ಆದುದರಿಂದಲೇ ಮಕ್ಕಳಿಲ್ಲದ ದೇಸಾಯರಿಗೆ ದತ್ತಕವು ಜೀವನ್ಮರಣದ ಪ್ರಶ್ನೆಯಾಗಿತ್ತು. 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜನ ದತ್ತಕವನ್ನು ಆಂಗ್ಲ ಅಧಿಕಾರಿ ಥ್ಯಾಕರೆ ಮಾನ್ಯ ಮಾಡಲಿಲ್ಲ. ಅದರ ಫಲವನ್ನು ಅಲ್ಲಿಯ ಅರಮನೆಯ ಪಾಳುಗೋಡೆಗಳು ಇಂದಿಗೂ ಸಾರುತ್ತಿವೆ.

ಸವದತ್ತಿ ಸೀಮೆಯ ಶಿರಸಂಗಿಯು ಕಾಳಿಕಾದೇವಿಯ ಕ್ಷೇತ್ರವೆಂದು ಪ್ರಸಿದ್ಧ. ಅಲ್ಲಿಯ ದೇಸಾಯರ ವಾಡೆಯ ಕಥೆ ಕಿತ್ತೂರಿನ ಕಥೆಗೆ ತೀರ ಭಿನ್ನವಾದುದು. 1861ರಲ್ಲಿ ಶಿಗ್ಲಿಯಲ್ಲಿ ಹುಟ್ಟಿದ ರಾಮಪ್ಪನೆಂಬ ಬಾಲಕನು ದತ್ತಕನಾಗಿ ಈ ವಾಡೆಯ ಹೊಸ್ತಿಲು ತುಳಿದು ಲಿಂಗರಾಜನಾದನು. ಮುಂದೆ ಹಾನಗಲ್ಲ ಕುಮಾರ ಶಿವಯೋಗಿಗಳ ಪ್ರೇರಣೆಯಿಂದ ರೂಪುಗೊಂಡ ವೀರಶೈವ ಮಹಾಸಭೆಯು 1904ರಲ್ಲಿ ಧಾರವಾಡದಲ್ಲಿ ಮೊದಲ ಬಾರಿ ನೆರೆದಾಗ ಅಧ್ಯಕ್ಷಪೀಠವನ್ನು ಅಲಂಕರಿಸಿದವರು ಇವರೇ.

ಲಿಂಗರಾಜ ದೇಸಾಯಿಯವರಿಗೂ ವಾರಸುದಾರರಿರಲಿಲ್ಲ. ದತ್ತಕದ ದಾರಿಯಾದರೋ ತೆರೆದೇ ಇತ್ತು. ತಾವೂ ಅದೇ ದಾರಿಯಿಂದ ಬಂದವರು. ಆದರೂ ಅವರು ಇನ್ನೊಬ್ಬ ಬಾಲಕನನ್ನು ವಾಡೆಗೆ ತರಲಿಲ್ಲ. ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ಶಿಕ್ಷಣಕ್ಕೆಂದು ಮರಣಪತ್ರದಲ್ಲಿ ಬರೆದಿಟ್ಟು 1906ರಲ್ಲಿ ಲಿಂಗೈಕ್ಯರಾದರು. ಕಿತ್ತೂರಿನಲ್ಲಿ ಪರರು ಕಿತ್ತುಕೊಂಡುದನ್ನು ಶಿರಸಂಗಿಯಲ್ಲಿ ಒಡೆಯರೇ ಬಿಟ್ಟುಕೊಟ್ಟರು. ಇದನ್ನು ಕೇವಲ ಔದಾರ್ಯವೆಂದರೆ ಸಾಲದು. ವಂಶದ ಹೆಸರು ಉಳಿಯಬೇಕೆಂಬ ಆಸೆಯನ್ನು ಗೆಲ್ಲುವುದು ಹಣ ಕೊಡುವುದಕ್ಕಿಂತ ಕಠಿಣವಾದುದು.

ನವಲಗುಂದ-ಶಿರಸಂಗಿ ನಿಧಿಯ ನೆರವಿನಿಂದ ಉತ್ತರ ಕರ್ನಾಟಕದ ಎಷ್ಟೋ ಬಡ ಹುಡುಗರು ಉನ್ನತ ವಿದ್ಯಾಭ್ಯಾಸಕ್ಕೆ ತೆರಳಿದರು. ವಾಡೆಯ ಹುಟ್ಟುವಳಿ ಅವರ ಊಟ, ಪುಸ್ತಕ, ವಸತಿಗಳಿಗೆ ಒದಗಿತು. ಬೆಳಗಾವಿಯಲ್ಲಿ 1933ರಲ್ಲಿ ಸ್ಥಾಪಿತವಾದ ಕೆ.ಎಲ್.ಇ. ಸಂಸ್ಥೆಯ ಕಾಲೇಜು ಲಿಂಗರಾಜರ ಹೆಸರನ್ನೇ ಹೊತ್ತಿದೆ. ಅದು ಶಿಗ್ಲಿಯಲ್ಲಿ ಇಟ್ಟ ಹೆಸರಲ್ಲ, ಶಿರಸಂಗಿಯ ವಾಡೆ ಕೊಟ್ಟ ಹೆಸರು.