ಆರಿಸಿದವನು, ಕೈಬಿಟ್ಟವನು: ಮಾಂಟ್ರಿಯಲ್ ಹಾಕಿ ಅಭಿಮಾನಿಗಳ ಡ್ರಾಫ್ಟ್ ಸ್ಮೃತಿ

2022ರ ಜುಲೈ 7ರಂದು ಕೆನಡಾದ ಮಾಂಟ್ರಿಯಲ್ ನಗರದ ಬೆಲ್ ಸೆಂಟರ್‌ನಲ್ಲಿ ನ್ಯಾಷನಲ್ ಹಾಕಿ ಲೀಗಿನ (ಎನ್‌ಎಚ್‌ಎಲ್) ವಾರ್ಷಿಕ ಡ್ರಾಫ್ಟ್, ಅಂದರೆ ತಂಡಗಳು ಸರದಿಯಂತೆ ಕಿರಿಯ ಆಟಗಾರರನ್ನು ಆರಿಸಿಕೊಳ್ಳುವ ಸಮಾರಂಭ, ನಡೆಯಿತು. ಹಿಂದಿನ ಎರಡು ವರ್ಷ ಸಾಂಕ್ರಾಮಿಕದಿಂದಾಗಿ ಪರದೆಯ ಮೇಲಷ್ಟೇ ಜರುಗಿದ್ದ ಈ ಸಮಾರಂಭ ಮತ್ತೆ ಜನರ ಮುಂದೆ ಬಂದಿತ್ತು. ಮೊದಲ ಆಯ್ಕೆಯ ಹಕ್ಕು ಆತಿಥೇಯ ತಂಡ ಮಾಂಟ್ರಿಯಲ್ ಕೆನೇಡಿಯನ್ಸ್‌ನದೇ ಆಗಿತ್ತು. 1980ರ ನಂತರ ಅದಕ್ಕೆ ಆ ಹಕ್ಕು ದೊರೆತದ್ದು ಅದೇ ಮೊದಲು. ಉತ್ತರ ಅಮೆರಿಕದ ಕಿರಿಯರ ಅಧಿಕೃತ ಶ್ರೇಯಾಂಕದಲ್ಲಿ ಅಗ್ರಸ್ಥಾನದಲ್ಲಿದ್ದವನು ಒಂಟಾರಿಯೊದ ಸೆಂಟರ್ ಆಟಗಾರ ಶೇನ್ ರೈಟ್. ಕರೆಯುವುದು ಅವನ ಹೆಸರನ್ನೇ ಎಂದು ಬಹುಮಂದಿ ವರ್ಷಗಳಿಂದ ನಂಬಿದ್ದರು. ಜನರಲ್ ಮ್ಯಾನೇಜರ್ ಕೆಂಟ್ ಹ್ಯೂಸ್ ಕರೆದ ಹೆಸರು ಬೇರೆ: ಸ್ಲೊವಾಕಿಯಾದ ಕೊಶಿತ್ಸೆಯ, ಹದಿನೆಂಟರ ಫಾರ್ವರ್ಡ್ ಯುರಾಯ್ ಸ್ಲಾಫ್ಕೋವ್‌ಸ್ಕಿ. ಸಭಾಂಗಣದಲ್ಲಿ ಚಪ್ಪಾಳೆ ಎದ್ದಿತು, ಅಚ್ಚರಿಯ ಉದ್ಗಾರವೂ ಎದ್ದಿತು, ಅಲ್ಲಲ್ಲಿ ಅಸಮಾಧಾನದ ಕೂಗೂ ಕೇಳಿಸಿತು.

ಈ ಬೆರಕೆ ಸದ್ದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ. ಕ್ರೀಡಾ ವರದಿಗಾರಿಕೆ ಇದನ್ನು ಆಟಗಾರನ ಯೋಗ್ಯತೆಯ ಬಗ್ಗೆ ಜನ ಕೊಟ್ಟ ತೀರ್ಪು ಎಂದು ಓದುತ್ತದೆ. ನನಗೆ ಈ ಓದು ಒಪ್ಪಿಗೆಯಾಗುವುದಿಲ್ಲ. ಫಿನ್ಲೆಂಡಿನ ಟಿಪಿಎಸ್ ತಂಡಕ್ಕೆ ಆಡುತ್ತಿದ್ದ ಆ ಹುಡುಗನ ಪೂರ್ಣ ಪಂದ್ಯವೊಂದನ್ನು ಅಲ್ಲಿ ಕುಳಿತಿದ್ದವರಲ್ಲಿ ಎಷ್ಟು ಜನ ನೋಡಿದ್ದಾರು? ಡ್ರಾಫ್ಟ್ ದಿನದ ಅಭಿಮಾನಿ ಮಾತನಾಡುವುದು ತನ್ನ ತಂಡದ ಹಿಂದಿನ ಆಯ್ಕೆಗಳ ಕುರಿತು, ಮುಖ್ಯವಾಗಿ ಹಿಂದೆ ಕೈಬಿಟ್ಟವರ ಕುರಿತು. ವೇದಿಕೆಗೆ ಬಂದ ಯುವಕನಿಗೆ ಆ ಹಳೆಯ ಲೆಕ್ಕ ಗೊತ್ತಿರುವುದಿಲ್ಲ; ಆದರೆ ಅದನ್ನು ತೀರಿಸಬೇಕಾದವನು ಅವನೇ.

ಸೀಮೆಯಿಂದ ಸರದಿಗೆ

ಕನ್ನಡ ಓದುಗರಿಗೆ ಹಾಕಿ ಎಂದೊಡನೆ ಮೈದಾನದ ಹಾಕಿ ನೆನಪಾಗುವುದು ಸಹಜ. ಇಲ್ಲಿ ಚರ್ಚಿಸುತ್ತಿರುವುದು ಮಂಜುಗಡ್ಡೆಯ ಮೇಲಿನ ಹಾಕಿ. ಆದರೂ ಕೊಡಗಿನ ಕೌಟುಂಬಿಕ ಹಾಕಿಯನ್ನು ಒಮ್ಮೆ ನೆನೆದರೆ ಡ್ರಾಫ್ಟಿನ ವಿಶೇಷ ಬೇಗ ಹೊಳೆಯುತ್ತದೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಆರಂಭಿಸಿದ ಆ ಉತ್ಸವದಲ್ಲಿ ಒಂದೊಂದು ಒಕ್ಕವೂ ಒಂದೊಂದು ತಂಡ. ಅಲ್ಲಿ ಆಟಗಾರ ಮೊದಲು ಮನೆಯವನು, ಆಮೇಲೆ ಫಾರ್ವರ್ಡೋ ಗೋಲ್‌ಕೀಪರೋ ಆಗುತ್ತಾನೆ. ಡ್ರಾಫ್ಟಿನಲ್ಲಿ ಈ ಕ್ರಮ ಪೂರ್ತಿ ತಲೆಕೆಳಗು. ಆಟ ಮೊದಲು, ಮನೆ ಆಮೇಲೆ. ಆ ಮನೆ ಯಾವುದೆಂದು ಗೊತ್ತುಮಾಡುವುದು ಹಿಂದಿನ ಸೀಸನ್ನಿನ ಅಂಕಪಟ್ಟಿ ಮತ್ತು ಒಂದು ಲಾಟರಿ.

ಎನ್‌ಎಚ್‌ಎಲ್‌ನಲ್ಲಿ ಮೊದಲಿನಿಂದ ಹೀಗೆ ಇರಲಿಲ್ಲ. 1960ರ ದಶಕದವರೆಗೆ ವೃತ್ತಿಪರ ತಂಡಗಳು ಕಿರಿಯರ ತಂಡಗಳಿಗೆ ಹಣ ಕೊಟ್ಟು ಅಲ್ಲಿನ ಹುಡುಗರನ್ನು ಎಳವೆಯಲ್ಲೇ ಒಪ್ಪಂದದಲ್ಲಿ ಕಟ್ಟಿಹಾಕುತ್ತಿದ್ದವು. ಬಾಬಿ ಆರ್ ಬಾಸ್ಟನ್ ತಂಡಕ್ಕೆ ಸೇರಿದ್ದು ಹದಿನಾಲ್ಕನೆಯ ವಯಸ್ಸಿನಲ್ಲಿ. ಮೊದಲ ಡ್ರಾಫ್ಟ್ ನಡೆದದ್ದು 1963ರಲ್ಲಿ, ಮಾಂಟ್ರಿಯಲ್‌ನ ಕ್ವೀನ್ ಎಲಿಜಬೆತ್ ಹೋಟೆಲಿನಲ್ಲಿ. ಆರಿಸಿದ್ದು 21 ಹುಡುಗರನ್ನು. ನೋಡಲು ಅಭಿಮಾನಿಗಳು ಯಾರೂ ಇರಲಿಲ್ಲ. ಅದೇ ವರ್ಷಗಳಲ್ಲಿ ಕೆನೇಡಿಯನ್ಸ್‌ಗೆ ಒಂದು ವಿಶೇಷ ಸವಲತ್ತಿತ್ತು: ಉಳಿದ ತಂಡಗಳಿಗಿಂತ ಮೊದಲೇ ಇಬ್ಬರು ಫ್ರೆಂಚ್ ಕೆನೇಡಿಯನ್ ಆಟಗಾರರನ್ನು ಅದು ತೆಗೆದುಕೊಳ್ಳಬಹುದಾಗಿತ್ತು. 1969ರಲ್ಲಿ ರೆಜಾನ್ ಊಲ್ ಮತ್ತು ಮಾರ್ಕ್ ತಾರ್ದಿಫ್ ಬಂದದ್ದು ಆ ದಾರಿಯಲ್ಲಿ. ಆ ಸವಲತ್ತು ಅಲ್ಲಿಗೆ ಮುಗಿಯಿತು. ಮರುವರ್ಷ ಕ್ವಿಬೆಕ್‌ನ ಝಿಲ್ಬೇರ್ ಪೆರೋ ಹೊಸ ತಂಡವಾದ ಬಫಲೊಗೆ ಹೋದ. ಪ್ರಾಂತ್ಯದ ಅತ್ಯುತ್ತಮ ಹುಡುಗ ನಮ್ಮ ತಂಡದಲ್ಲೇ ಆಡುತ್ತಾನೆ ಎಂಬ ಭರವಸೆ ಅಂದಿಗೆ ಕೊನೆಗೊಂಡಿತು. ಇಂಗ್ಲಿಷ್ ಬಂಡವಾಳದ ನಗರದಲ್ಲಿ ಫ್ರೆಂಚ್ ಮಾತಾಡುವ ಬಹುಸಂಖ್ಯಾತರಿಗೆ ಈ ತಂಡ ಎಂಥ ಆಸರೆಯಾಗಿತ್ತು ಎಂಬುದಕ್ಕೆ ತಂಡದ ಆಟಗಾರ ಮೋರಿಸ್ ರಿಶಾರ್‌ನ ಅಮಾನತನ್ನು ಪ್ರತಿಭಟಿಸಿ 1955ರ ಮಾರ್ಚ್ 17ರಂದು ನಡೆದ ಗಲಭೆಯೇ ಸಾಕ್ಷಿ. ಅಂಥ ಆಸರೆಯ ಬಾಗಿಲು ಸರದಿಯ ನಿಯಮದ ಕೈಗೆ ಹೋಯಿತು.

ಮೂರು ಜೋಡಿಗಳು

ಮಾಂಟ್ರಿಯಲ್ ಅಭಿಮಾನಿಯ ಡ್ರಾಫ್ಟ್ ಸ್ಮೃತಿ ಒಬ್ಬೊಬ್ಬ ಆಟಗಾರನಾಗಿ ಉಳಿದಿಲ್ಲ, ಜೋಡಿಗಳಾಗಿ ಉಳಿದಿದೆ. ಆರಿಸಿದವನ ಪಕ್ಕದಲ್ಲಿ ಕೈಬಿಟ್ಟವನೂ ಇರುತ್ತಾನೆ.

ಮೊದಲ ಜೋಡಿ 1971ರದು. ಜನರಲ್ ಮ್ಯಾನೇಜರ್ ಸ್ಯಾಮ್ ಪೊಲಾಕ್ ಒಂದು ವರ್ಷ ಮೊದಲೇ ಕ್ಯಾಲಿಫೋರ್ನಿಯಾದ ದುರ್ಬಲ ತಂಡದಿಂದ ಅದರ ಮೊದಲ ಸುತ್ತಿನ ಹಕ್ಕನ್ನು ಪಡೆದಿದ್ದ. ಆ ತಂಡ ಕೊನೆಯ ಸ್ಥಾನಕ್ಕಿಳಿದು ಹಕ್ಕು ಬಂಗಾರವಾಯಿತು. ಆಗ ಎದುರಿಗಿದ್ದವರು ಇಬ್ಬರು, ಇಬ್ಬರೂ ಕ್ವಿಬೆಕ್‌ನವರು: ಕಿರಿಯರ ಒಂದೇ ಸೀಸನ್ನಿನಲ್ಲಿ 130 ಗೋಲು ಹೊಡೆದಿದ್ದ ಗೀ ಲಾಫ್ಲೂರ್ ಮತ್ತು ಮಾರ್ಸೆಲ್ ಡಿಯೊನ್. ಪೊಲಾಕ್ ಲಾಫ್ಲೂರ್‌ನನ್ನು ಆರಿಸಿದ, ಡಿಯೊನ್ ಡೆಟ್ರಾಯಿಟ್‌ಗೆ ಹೋದ. ಗೋಲು ಮತ್ತು ಗೋಲಿಗೆ ಕೊಟ್ಟ ನೆರವು ಸೇರಿದರೆ ಹಾಕಿಯ ಪಾಯಿಂಟ್. ಆ ಲೆಕ್ಕದಲ್ಲಿ ಮೊದಲ ಸೀಸನ್ನಿನಲ್ಲಿ ಡಿಯೊನ್ 77, ಲಾಫ್ಲೂರ್ 64. ಮುಂದಿನ ಎರಡು ಸೀಸನ್ನಿನಲ್ಲಿ ಲಾಫ್ಲೂರ್ ಇನ್ನೂ ಕೆಳಗಿಳಿದು 55 ಮತ್ತು 56ಕ್ಕೆ ನಿಂತ. ಆಗಷ್ಟೇ ನಿವೃತ್ತನಾಗಿದ್ದ ಝಾನ್ ಬೆಲಿವೊನ ಜಾಗ ತುಂಬಬೇಕಿದ್ದವನು ಇವನೇ ಎಂಬ ಅನುಮಾನ ದಟ್ಟವಾಯಿತು. ನಾಲ್ಕನೆಯ ಸೀಸನ್ನಿನಲ್ಲಿ 53 ಗೋಲು, 119 ಪಾಯಿಂಟ್. ಆಮೇಲೆ ಆ ಚರ್ಚೆ ಮಾಂಟ್ರಿಯಲ್‌ನಲ್ಲಿ ಎಂದೂ ಏಳಲಿಲ್ಲ.

ಎರಡನೆಯ ಜೋಡಿಯ ಗಾಯ ಇನ್ನೂ ಮಾಯ್ದಿಲ್ಲ. 1980ರ ಡ್ರಾಫ್ಟ್ ಮಾಂಟ್ರಿಯಲ್ ಫೋರಮ್‌ನಲ್ಲಿ ನಡೆಯಿತು; ಹೋಟೆಲುಗಳ ಮುಚ್ಚಿದ ಕೋಣೆಯಿಂದ ಹೊರಬಂದು ಕ್ರೀಡಾಂಗಣದಲ್ಲಿ ಸಾರ್ವಜನಿಕರ ಎದುರು ನಡೆದ ಮೊದಲ ಡ್ರಾಫ್ಟ್ ಅದು. ಕೆನೇಡಿಯನ್ಸ್ ಆರಿಸಿದ್ದು ರೆಜೈನಾದ ಡಗ್ ವಿಕನ್‌ಹೈಸರ್‌ನನ್ನು. ಮಾಂಟ್ರಿಯಲ್‌ನಲ್ಲೇ ಬೆಳೆದು ಅಲ್ಲಿನ ಕಿರಿಯರ ತಂಡದಲ್ಲೇ ಆಡಿದ್ದ ಡೆನಿ ಸವಾರ್ ಮೂರನೆಯ ಸ್ಥಾನದಲ್ಲಿ ಶಿಕಾಗೊ ಪಾಲಾದ. ಸವಾರ್ ಒಟ್ಟು 1,338 ಪಾಯಿಂಟ್ ಗಳಿಸಿ ಹಾಲ್ ಆಫ್ ಫೇಮ್ ಸೇರಿದ. ವಿಕನ್‌ಹೈಸರ್ ಗಳಿಸಿದ್ದು 276. 1983ರಲ್ಲೇ ಅವನನ್ನು ಸೇಂಟ್ ಲೂಯಿಸ್‌ಗೆ ಕಳಿಸಲಾಯಿತು. ಅಭಿಮಾನಿಗಳ ಧ್ವನಿಗೆ ಡ್ರಾಫ್ಟಿನಲ್ಲಿ ಮೊದಲು ಜಾಗ ಸಿಕ್ಕಿದ್ದೂ ಆ ನಗರದ ಅತಿ ದೊಡ್ಡ ಆಯ್ಕೆಯ ನೋವು ಹುಟ್ಟಿದ್ದೂ ಒಂದೇ ದಿನ. ಮುಂದಿನ ದಶಕಗಳ ಪ್ರತಿಕ್ರಿಯೆಗಳೆಲ್ಲ ಇದರ ನೆರಳಲ್ಲೇ ಬೆಳೆದವು.

ಇಲ್ಲಿ ಒಂದು ಅನ್ಯಾಯವನ್ನು ಹೇಳಲೇಬೇಕು. ವಿಕನ್‌ಹೈಸರ್ ಅಡ್ಡದಾರಿಯಲ್ಲಿ ಬಂದವನಾಗಿರಲಿಲ್ಲ. ಕಿರಿಯರ ಕೊನೆಯ ಸೀಸನ್ನಿನಲ್ಲಿ 89 ಗೋಲು, 170 ಪಾಯಿಂಟ್ ಗಳಿಸಿದ್ದ ಅವನನ್ನು ಪರಿಣತರು ಸರ್ವಾನುಮತ ಎನ್ನುವಷ್ಟು ಒಪ್ಪಿದ್ದರು. ತನ್ನನ್ನು ಆರಿಸಿ ಎಂದು ಅವನೇನೂ ಕೇಳಿರಲಿಲ್ಲ. 1999ರಲ್ಲಿ, 37ರ ವಯಸ್ಸಿನಲ್ಲಿ, ಕ್ಯಾನ್ಸರಿನಿಂದ ತೀರಿಕೊಂಡ. ಇನ್ನೊಬ್ಬ ತೆಗೆದುಕೊಂಡ ನಿರ್ಣಯದ ಹೊಣೆ ಒಬ್ಬನ ಹೆಸರಿಗೆ ಜೀವಮಾನವಿಡೀ ಅಂಟಿಕೊಂಡಿತೆಂದರೆ ಅಭಿಮಾನದ ಈ ಕ್ರೂರ ಮುಖವನ್ನು ಸಂಶೋಧಕರು ನೋಡದೆ ಹೋಗಬಾರದು.

ಮೂರನೆಯ ಜೋಡಿಯೇ ಸ್ಲಾಫ್ಕೋವ್‌ಸ್ಕಿ ಮತ್ತು ರೈಟ್. ಇಲ್ಲಿ ಸ್ಮೃತಿ ಒಂದೇ ಪಾಠ ಹೇಳಲಿಲ್ಲ ಎಂಬುದು ಗಮನಾರ್ಹ. 1980ರಲ್ಲಿ ಸರ್ವಾನುಮತವನ್ನು ನಂಬಿ ಕೆಟ್ಟೆವು, ಆದ್ದರಿಂದ ಈ ಸಲ ಧೈರ್ಯ ಮಾಡಿದ್ದು ಸರಿ ಎಂದು ವಾದಿಸಬಹುದಿತ್ತು. ಕಣ್ಣೆದುರಿಗಿದ್ದ ಒಳ್ಳೆಯ ಸೆಂಟರ್ ಆಟಗಾರನನ್ನು ಬಿಟ್ಟು ಕೆಟ್ಟೆವು, ಮತ್ತೆ ಅದನ್ನೇ ಮಾಡಿದೆವು ಎಂದೂ ವಾದಿಸಬಹುದಿತ್ತು. ಇದಕ್ಕಿಂತ ಹತ್ತಿರದ ನೆನಪೊಂದು ಹೆಚ್ಚು ಚುಚ್ಚುತ್ತಿತ್ತು. 2018ರಲ್ಲಿ ಫಿನ್ಲೆಂಡಿನ ಲೀಗಿನಿಂದಲೇ ಬಂದ ಎತ್ತರದ ಹುಡುಗ ಯೆಸ್ಪೆರಿ ಕೊಟ್ಕಾನಿಯೆಮಿಯನ್ನು ಮೂರನೆಯ ಸ್ಥಾನದಲ್ಲಿ ಆರಿಸಲಾಗಿತ್ತು; ನಾಲ್ಕನೆಯವನಾಗಿ ಬ್ರೇಡಿ ಟ್ಕಚಕ್ ಆಟವಾಗೆ ಹೋಗಿದ್ದ. ಕೊಟ್ಕಾನಿಯೆಮಿ ಹದಿನೆಂಟಕ್ಕೇ ಹಿರಿಯರ ತಂಡದಲ್ಲಿ ಆಡಿ 34 ಪಾಯಿಂಟ್ ಗಳಿಸಿದ, ಆಮೇಲೆ ಬೆಳವಣಿಗೆ ಕುಂಟಿತು, 2021ರಲ್ಲಿ ಕೆರೊಲಿನಾ ತಂಡ ಹೆಚ್ಚಿನ ಸಂಬಳದ ಪ್ರಸ್ತಾಪವಿಟ್ಟು ಅವನನ್ನು ಕರೆದೊಯ್ದಿತು. ಸ್ಲಾಫ್ಕೋವ್‌ಸ್ಕಿಯ ಹೆಸರಿಗೆ ಎದ್ದ ಅಸಮಾಧಾನದಲ್ಲಿ ಈ ಕಥೆಯ ಪಾಲು ದೊಡ್ಡದು ಎಂಬುದು ನನ್ನ ತೀರ್ಮಾನ. ಇಬ್ಬರನ್ನೂ ಬೆಸೆದದ್ದು ಎತ್ತರ, ಯುರೋಪ್ ಮತ್ತು ಫಿನ್ಲೆಂಡ್ ಅಷ್ಟೇ. ಆಟದ ರೀತಿ ಬೇರೆ. ರೈಟ್ ಫ್ರೆಂಚ್ ಹುಡುಗನಲ್ಲ ಎಂಬುದನ್ನೂ ನೆನಪಿಡಬೇಕು. ನಮ್ಮವನನ್ನು ಬಿಟ್ಟು ಪರಕೀಯನನ್ನು ತಂದರು ಎಂಬ 1980ರ ದೂರು 2022ಕ್ಕೆ ಹೊಂದುವುದಿಲ್ಲ.

ಶೋಕದ ವಸಂತ

ಆ ಸಂಜೆಯ ಭಾವಕ್ಕೆ ಇನ್ನೊಂದು ಹಿನ್ನೆಲೆಯಿದೆ. 2021ರ ಬೇಸಿಗೆಯಲ್ಲಿ ಸ್ಟ್ಯಾನ್ಲಿ ಕಪ್ ಫೈನಲ್ ತಲುಪಿದ್ದ ತಂಡ ಮರುವರ್ಷ ಲೀಗಿನಲ್ಲೇ ಕೊನೆಯ ಸ್ಥಾನಕ್ಕೆ ಕುಸಿದಿತ್ತು. ಏಪ್ರಿಲ್ 22ರಂದು ಲಾಫ್ಲೂರ್ ನಿಧನನಾದ. ಎರಡು ದಿನಗಳ ನಂತರ ಬೆಲ್ ಸೆಂಟರ್‌ನಲ್ಲಿ ಪ್ರೇಕ್ಷಕರು ಎದ್ದು ನಿಂತು ಹತ್ತಿರಹತ್ತಿರ ಹತ್ತು ನಿಮಿಷ ಚಪ್ಪಾಳೆ ತಟ್ಟಿದರು. ಮೇ 3ರಂದು ಸರ್ಕಾರಿ ಗೌರವದ ಅಂತ್ಯಕ್ರಿಯೆ. ಮೇ 10ರಂದು ಡ್ರಾಫ್ಟ್ ಲಾಟರಿಯಲ್ಲಿ ಮೊದಲ ಸ್ಥಾನ ಕೆನೇಡಿಯನ್ಸ್‌ಗೆ ಬಂತು. ತಂಡದ ಇತಿಹಾಸದಲ್ಲಿ ಮೊದಲ ಆಯ್ಕೆಯಾಗಿ ಬಂದವರ ಪೈಕಿ ದಂತಕಥೆಯಾದ ಒಬ್ಬನೇ ಒಬ್ಬನನ್ನು ಮಣ್ಣು ಮಾಡಿದ ವಾರದಲ್ಲೇ ಇನ್ನೊಬ್ಬನನ್ನು ಆರಿಸುವ ಹಕ್ಕು ಕೈಗೆ ಬಂದಿತ್ತು. ಹದಿನೆಂಟರ ಹುಡುಗನ ಮೇಲೆ ಬಿದ್ದ ನಿರೀಕ್ಷೆಯ ತೂಕವನ್ನು ಈ ದಿನಾಂಕಗಳನ್ನು ಬಿಟ್ಟು ಅಳೆಯಲಾಗದು.

ಕೆನೇಡಿಯನ್ಸ್ ಅಭಿಮಾನವನ್ನು ಧರ್ಮಕ್ಕೆ ಹೋಲಿಸುವುದು ಕ್ವಿಬೆಕ್‌ನಲ್ಲಿ ರೂಢಿ. ತಂಡದ ಅಂಗಿಯನ್ನು ಪವಿತ್ರವಸ್ತ್ರವೆಂದೇ ಕರೆಯುತ್ತಾರೆ. ಮಾಂಟ್ರಿಯಲ್ ವಿಶ್ವವಿದ್ಯಾಲಯದ ದೇವತಾಶಾಸ್ತ್ರ ವಿಭಾಗದಲ್ಲಿ ಒಲಿವಿಯೇ ಬವೇರ್ 2009ರಲ್ಲಿ ಈ ವಿಷಯದ ಮೇಲೆ ಪಠ್ಯವನ್ನೇ ನಡೆಸಿದರು. ಈ ಹೋಲಿಕೆ ಸಾಮೂಹಿಕ ಆವೇಶವನ್ನು ವಿವರಿಸುತ್ತದೆ, ಡ್ರಾಫ್ಟಿನ ಸಂಶಯವನ್ನು ವಿವರಿಸುವುದಿಲ್ಲ. ರಾಬರ್ಟ್ ಚಾಲ್ಡಿನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನದ ಎಳೆ ಇಲ್ಲಿ ಹೆಚ್ಚು ಉಪಯುಕ್ತ: ವಿಶ್ವವಿದ್ಯಾಲಯದ ತಂಡ ಗೆದ್ದ ಬಳಿಕ ವಿದ್ಯಾರ್ಥಿಗಳು ಅದರ ಲಾಂಛನವಿರುವ ಉಡುಪನ್ನು ಹೆಚ್ಚಾಗಿ ತೊಡುತ್ತಿದ್ದರು, "ನಾವು ಗೆದ್ದೆವು" ಎನ್ನುತ್ತಿದ್ದರು. ಗಳಿಸಿದ ಕೀರ್ತಿಯಲ್ಲಿ ಪಾಲು ಕೇಳುವುದು ಅದು. ಡ್ರಾಫ್ಟಿನಲ್ಲಾದರೋ ಕೀರ್ತಿ ಇನ್ನೂ ಹುಟ್ಟಿಯೇ ಇಲ್ಲ. ಅಲ್ಲಿ ಅಭಿಮಾನಿ ನಂಬಿಕೆಯನ್ನು ಸಾಲ ಕೊಡುತ್ತಾನೆ, ಹಿಂದೆ ಸಾಲ ಮುಳುಗಿದವನಾದರೆ ಕೊಡುವಾಗ ಗೊಣಗುತ್ತಾನೆ.

ಆ ಸಾಲದ ವಸೂಲಿ ಹೇಗೆ ನಡೆಯುತ್ತದೆ ಎಂಬುದನ್ನೂ ಮುಂದಿನ ತಿಂಗಳುಗಳು ತೋರಿಸಿದವು. ರೈಟ್ ನಾಲ್ಕನೆಯವನಾಗಿ ಸಿಯಾಟಲ್‌ಗೆ ಆಯ್ಕೆಯಾಗಿ ವೇದಿಕೆಗೆ ನಡೆಯುವಾಗ ಮಾಂಟ್ರಿಯಲ್ ಮೇಜಿನತ್ತ ಬೀರಿದ ನೋಟವೇ ದಿನಗಟ್ಟಲೆ ಚರ್ಚೆಯಾಯಿತು. 2022ರ ಡಿಸೆಂಬರ್ 6ರಂದು ಅವನು ಎನ್‌ಎಚ್‌ಎಲ್‌ನ ತನ್ನ ಮೊದಲ ಗೋಲು ಹೊಡೆದದ್ದು ಕೆನೇಡಿಯನ್ಸ್ ವಿರುದ್ಧವೇ. ಸ್ಲಾಫ್ಕೋವ್‌ಸ್ಕಿ ಮೊದಲ ಸೀಸನ್ನಿನಲ್ಲಿ 39 ಪಂದ್ಯಗಳಲ್ಲಿ 10 ಪಾಯಿಂಟ್ ಗಳಿಸಿ ಗಾಯಗೊಂಡು ಹೊರಗುಳಿದ. ಕೈಬಿಟ್ಟವನ ಗೋಲು ಆರಿಸಿದವನ ಖಾತೆಯಲ್ಲಿ ಖರ್ಚಾಗಿ ಬೀಳುವುದು ಹೀಗೆ. ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಹದಿನೇಳನೆಯ ವಯಸ್ಸಿನಲ್ಲಿ ಏಳು ಪಂದ್ಯಗಳಲ್ಲಿ ಏಳು ಗೋಲು ಹೊಡೆದು ಸ್ಲೊವಾಕಿಯಾಕ್ಕೆ ಐಸ್ ಹಾಕಿಯ ಮೊದಲ ಒಲಿಂಪಿಕ್ ಪದಕ ತಂದುಕೊಟ್ಟವನು ಅವನು. ತನ್ನ ನಾಡಿನಲ್ಲಿ ಅದಾಗಲೇ ವೀರ. ಹೊಸ ಮನೆಯಲ್ಲಿ ಆ ಕೀರ್ತಿ ಚಲಾವಣೆಯಾಗಲಿಲ್ಲ.

ಮುಂದಿನ ಬದಲಾವಣೆ ಬೇಗ ಬಂತು. ಕೋಚ್ ಮಾರ್ಟಿನ್ ಸಾಂ ಲೂಯಿ ಅವನನ್ನು ನಿಕ್ ಸುಜುಕಿ, ಕೋಲ್ ಕಾಫೀಲ್ಡ್ ಜೊತೆ ಮೊದಲ ಸಾಲಿನಲ್ಲಿ ಆಡಿಸಿದರು. 2023-24ರಲ್ಲಿ 82 ಪಂದ್ಯ, 20 ಗೋಲು, 50 ಪಾಯಿಂಟ್. ಏಪ್ರಿಲ್‌ನಲ್ಲಿ ಫಿಲಡೆಲ್ಫಿಯಾ ವಿರುದ್ಧ ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದ. ಎರಡು ವರ್ಷಗಳ ಹಿಂದೆ ಅವನ ಹೆಸರಿಗೆ ತಡವರಿಸಿದ್ದ ಬೆಲ್ ಸೆಂಟರ್‌ನಲ್ಲಿ ಅಂದು ಪದ್ಧತಿಯಂತೆ ಟೋಪಿಗಳು ಮಂಜುಗಡ್ಡೆಯ ಮೇಲೆ ಬಿದ್ದವು. ಇದನ್ನು ಜನರ ಚಂಚಲತೆ ಎಂದು ತಳ್ಳಿಹಾಕುವುದು ಸುಲಭ. ಅವನು ವಿಕನ್‌ಹೈಸರ್‌ನೂ ಅಲ್ಲ, ಕೊಟ್ಕಾನಿಯೆಮಿಯೂ ಅಲ್ಲ ಎಂದು ಖಚಿತವಾದ ಮೇಲಷ್ಟೇ ಅವನನ್ನು ಅವನಾಗಿ ನೋಡಲು ಸಾಧ್ಯವಾಯಿತು ಎಂಬುದು ಹೆಚ್ಚು ನ್ಯಾಯವಾದ ವಿವರಣೆ.

ಒಪ್ಪಿಗೆಯ ಪ್ರಶ್ನೆ

ಅಭಿಮಾನಿಗಳ ಪ್ರೀತಿ ಒಂದು ಸಂಗತಿಯನ್ನು ಮರೆಸುತ್ತದೆ: ಈ ಸಂಬಂಧದಲ್ಲಿ ಆಟಗಾರನ ಒಪ್ಪಿಗೆಯನ್ನು ಯಾರೂ ಕೇಳಿರುವುದಿಲ್ಲ. ಕೇಳದೆ ಕೊಟ್ಟ ಅಂಗಿಯನ್ನು ತೊಡಲು ನಿರಾಕರಿಸಿದವನು ಎರಿಕ್ ಲಿಂಡ್ರೋಸ್. 1991ರಲ್ಲಿ ಕ್ವಿಬೆಕ್ ನಾರ್ಡಿಕ್ಸ್ ಅವನನ್ನು ಮೊದಲಿಗನಾಗಿ ಆರಿಸಿತು. ಅವನು ಆ ತಂಡಕ್ಕೆ ಆಡಲೇ ಇಲ್ಲ, ಮರುವರ್ಷ ಫಿಲಡೆಲ್ಫಿಯಾಕ್ಕೆ ಹೋದ. 1992ರ ಅಕ್ಟೋಬರ್‌ನಲ್ಲಿ ಎದುರಾಳಿಯಾಗಿ ಕ್ವಿಬೆಕ್‌ಗೆ ಬಂದಾಗ ಪ್ರೇಕ್ಷಕರು ಮಕ್ಕಳು ಚೀಪುವ ರಬ್ಬರ್ ನಿಪ್ಪಲ್‌ಗಳನ್ನು ಅವನತ್ತ ಎಸೆದರು. ಹದಿನೆಂಟರ ದುಡಿಮೆಗಾರನೊಬ್ಬ ತಾನು ಎಲ್ಲಿ ದುಡಿಯಬೇಕೆಂದು ಹೇಳಿದ್ದನ್ನು ಜನ ಮನೆತನಕ್ಕೆ ಬಗೆದ ದ್ರೋಹವೆಂದು ಓದಿದ್ದರು. ಅವರ ನೋವು ನಿಜ, ಅವನ ಹಕ್ಕೂ ನಿಜ. ಡ್ರಾಫ್ಟಿನ ಅಧ್ಯಯನ ಈ ಎರಡರಲ್ಲಿ ಒಂದನ್ನು ಬಿಟ್ಟರೆ ಅರೆಯಾಗುತ್ತದೆ. ಈವರೆಗಿನ ಬರಹಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗಿರುವುದು ಆಟಗಾರನ ಕಡೆಯ ಮಾತು.

ಈ ದೃಷ್ಟಿಯಿಂದ ಸ್ಲಾಫ್ಕೋವ್‌ಸ್ಕಿ ಪ್ರಕರಣದಲ್ಲಿ ಜುಲೈ 7ಕ್ಕಿಂತ ತೂಕದ ದಿನ ಇನ್ನೊಂದಿದೆ. 2024ರ ಜುಲೈ 1ರಂದು ಅವನು ಕೆನೇಡಿಯನ್ಸ್ ಜೊತೆ ವರ್ಷಕ್ಕೆ ಸರಾಸರಿ 76 ಲಕ್ಷ ಡಾಲರಿನ, ಎಂಟು ವರ್ಷಗಳ ಒಪ್ಪಂದಕ್ಕೆ ರುಜು ಹಾಕಿದ. 2022ರಲ್ಲಿ ತಂಡ ಅವನನ್ನು ಆರಿಸಿತ್ತು. ಈ ಸಲ 2033ರವರೆಗೆ ಮಾಂಟ್ರಿಯಲ್‌ನಲ್ಲಿ ಇರುವುದನ್ನು ಅವನೂ ಆರಿಸಿಕೊಂಡ.